ಆಶಾಬಿ ಪಿಟೀಲಿಗೆ ಎಣ್ಣೆ ಹಚ್ಚಿದ್ದು

ಶಹಾಬಾದಿನಲ್ಲಿ ಎಣ್ಣೆ ಕಾಣದ ತಲೆ ಯಾವುದಾದರೂ ಇದ್ದರೆ, ಅದು ಆಶಾಬಿಯ ಕಣ್ಣಿಗೆ ಇನ್ನೂ ಬಿದ್ದಿಲ್ಲ ಎಂದು ತಿಳಿಯಬೇಕು. ಹಸುಗೂಸಿನ ನೆತ್ತಿ, ಬಾಣಂತಿಯ ಸೊಂಟ, ಕಲ್ಲುಗಣಿಯಲ್ಲಿ ದುಡಿದು ಬಂದವರ ಬೆನ್ನು, ಯಾವುದನ್ನೂ ಆಕೆ ಬಿಟ್ಟವಳಲ್ಲ. ಕುಸುಬೆ ಎಣ್ಣೆಗೆ ಗರಗದ ಸೊಪ್ಪು, ಮೆಂತ್ಯ, ಕರಿಬೇವು, ಜೊತೆಗೆ ಯಾರಿಗೂ ಬಾಯಿ ಬಿಡದ ಇನ್ನೊಂದೇನನ್ನೋ ಹಾಕಿ ಅಂಗಳದ ಒಲೆಯ ಮೇಲೆ ಕುದಿಸಲು ಇಟ್ಟಳೆಂದರೆ ಓಣಿಗೆ ಓಣಿಯೇ ಮೂಗು ಏರಿಸುತ್ತಿತ್ತು. ಬಾಗಿಲು ಕಿರ್ ಎಂದರೆ ಎಣ್ಣೆ, ಕಿವಿ ಗುಂಯ್ ಎಂದರೆ ಎಣ್ಣೆ, ಗಂಡ ಹೆಂಡಿರು ಜಗಳವಾಡಿದರೆ ಇಬ್ಬರನ್ನೂ ಎದುರುಬದುರು ಕೂರಿಸಿ ಇಬ್ಬರ ತಲೆಗೂ ಎಣ್ಣೆ. "ತಲಿ ತಂಪಾದ್ರ ಬಾಯಿ ತಾನೇ ತಂಪಾಗ್ತದ" ಎಂಬುದು ಆಕೆಯ ಶಾಸ್ತ್ರ. ಅವಳ ಬಾಯಿ ಮಾತ್ರ ಯಾಕೆ ಎಂದೂ ತಂಪಾಗಲಿಲ್ಲ ಎಂದು ಕೇಳುವ ಧೈರ್ಯ ಪಕ್ಕದ ಮನೆಯ ಸುಂದರಬಾಯಿಗೆ ಒಬ್ಬಳಿಗೇ ಇತ್ತು, ಅವಳೂ ಗೋಡೆಯ ಆಚೆಯಿಂದಲೇ ಕೇಳುತ್ತಿದ್ದಳು.

ಗಂಡ ಶಹಾಬುದ್ದೀನ ಫರಸಿ ಕಲ್ಲು ಉಜ್ಜುವ ಕಾರ್ಖಾನೆಯಲ್ಲಿದ್ದವನು, ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಾಗಲಿಲ್ಲ. ಊರಿನ ಅರ್ಧ ಮಕ್ಕಳ ನೆತ್ತಿಗೆ ಮೊದಲ ಎಣ್ಣೆ ಹಾಕಿದ ಕೈ ಆಕೆಯದೇ, ಆದರೆ ಎಣ್ಣೆ ಹಚ್ಚಿಸಿಕೊಂಡು ನೀರು ಹಾಕಿಸಿಕೊಂಡ ಮೇಲೆ ಎಲ್ಲ ಮಕ್ಕಳೂ ಅವರವರ ಅವ್ವಂದಿರ ಕಂಕುಳಲ್ಲಿ ಕೂತು ಅವರವರ ಮನೆಗೆ ಹೋಗುತ್ತಿದ್ದರು. ಆ ದಿನ ಆಶಾಬಿ ಪಾತ್ರೆ ತಿಕ್ಕುವಾಗ ಸದ್ದು ಜಾಸ್ತಿ ಮಾಡುತ್ತಿದ್ದಳು.

ಅಂಥ ಮನೆಗೆ ಭಗವಂತ ಬಾಡಿಗೆಗೆ ಬಂದ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಇನ್ನೂ ಬರಬೇಕಿದ್ದ ಕಾಲ. ಗುಂಡಗುರ್ತಿಯ ಹುಡುಗ, ಲಾರಿಗಳ ತೂಕ ಬರೆಯುವ ಕಾರಕೂನನ ಕೆಲಸ ಸಿಕ್ಕು ಶಹಾಬಾದಿಗೆ ಬಂದಿದ್ದ. ಬಗಲಲ್ಲಿ ಒಂದು ಕರಿ ಪೆಟ್ಟಿಗೆ, ಅದರೊಳಗೆ ಪಿಟೀಲು. ಚಿತ್ತಾಪುರದಲ್ಲಿ ಓದುವಾಗ ಅಲ್ಲಿನ ಸಂಗೀತ ಮಾಸ್ತರರು ಅವನಿಗೆ ಕಲಿಸಿ, ತಮ್ಮ ಬೆರಳು ಸೆಟೆದುಕೊಂಡ ಮೇಲೆ ತಮ್ಮ ಪಿಟೀಲನ್ನೇ ಅವನ ಕೈಗಿಟ್ಟಿದ್ದರು. ಖೋಲಿ ಹುಡುಕುತ್ತ ಅವನು ಸುತ್ತದ ಓಣಿಯಿಲ್ಲ. ಕೆಲವರು ಜಾತಿ ಕೇಳಿ ಬಾಗಿಲು ಹಾಕಿಕೊಂಡರು, ಉಳಿದವರು ಪೆಟ್ಟಿಗೆಯಲ್ಲಿ ಏನಿದೆಯೆಂದು ಕೇಳಿ ಹಾಕಿಕೊಂಡರು. ಆಶಾಬಿ ಮಾತ್ರ ಅವನ ಒಣಗಿದ ತಲೆಯನ್ನೊಮ್ಮೆ ನೋಡಿ, "ಜ್ವಾಳದ ರೊಟ್ಟಿ ತಿಂತೀಯೇನು?" ಎಂದು ಕೇಳಿದಳು. ತಿಂತೀನಿ ಎಂದ. ಖೋಲಿ ಸಿಕ್ಕಿತು.

ಅವನು ಆಕೆಯನ್ನು ಖಾಲಮ್ಮ, ಅಂದರೆ ಚಿಕ್ಕಮ್ಮ, ಎಂದು ಕರೆಯತೊಡಗಿದ. ಆಕೆ ಅವನನ್ನು ಹೆಸರು ಹಿಡಿದೇ ಕೂಗುತ್ತಿದ್ದಳು, ಅದೂ ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ. "ಭಗವಂತಾ, ಎದ್ದಿಯೇನು? ಭಗವಂತಾ, ಜಳಕ ಮಾಡಿಲ್ಲೇನು? ಭಗವಂತಾ, ನಿನ್ನ ಧೋತರ ನಾಯಿ ಒಯ್ದದ ನೋಡು!" ಸುಂದರಬಾಯಿ ಗೋಡೆಯಾಚೆ ನಕ್ಕು ನಕ್ಕು ಸುಸ್ತಾಗುತ್ತಿದ್ದಳು. "ಆಶಾಬಿ ಅಕ್ಕಾ, ನಮ್ಮ ಪೂಜಾರಿನೂ ಇಷ್ಟ ಸಲ ಭಗವಂತನ್ನ ಕರಿಯಂಗಿಲ್ಲ ನೋಡ್ರಿ!" ಎನ್ನುತ್ತಿದ್ದಳು. "ನಿಮ್ಮ ಪೂಜಾರಿ ಕರದ್ರ ಅವ ಬರಂಗಿಲ್ಲ, ನಾ ಕರದ್ರ ಓಡಿ ಬರ್ತಾನ" ಎಂದು ಇವಳು ತಿರುಗಿ ಹೇಳುತ್ತಿದ್ದಳು.

ಪಿಟೀಲಿನ ಆರೈಕೆ ಎಂದರೆ ಕೂಸಿನ ಆರೈಕೆ ಎಂಬುದು ಆಶಾಬಿಗೆ ಮೊದಲ ಬೇಸಿಗೆಯಲ್ಲೇ ಗೊತ್ತಾಯಿತು. ಶಹಾಬಾದಿನ ಬೇಸಿಗೆ ಸುಮ್ಮನೆಯಲ್ಲ. ಕೆಳಗೆ ಫರಸಿ, ಮೇಲೆ ಫರಸಿ, ನಡುವೆ ಮನುಷ್ಯರು ರೊಟ್ಟಿಯಂತೆ ಬೇಯುತ್ತಾರೆ. ಆ ಕಾವಿಗೆ ಪಿಟೀಲಿನ ಅಂಟು ಬಿಟ್ಟು ಹಲಗೆ ಬಾಯಿ ತೆರೆಯುತ್ತದೆಂದು ಭಗವಂತ ಹೆದರಿ ಕೂತಿದ್ದ. ಆಶಾಬಿ ನೀರಿನ ರಂಜಣಗಿ ಇಟ್ಟಿದ್ದ ತಂಪು ಮೂಲೆಯನ್ನೇ ಪೆಟ್ಟಿಗೆಗೆ ಬಿಟ್ಟುಕೊಟ್ಟಳು. ಹುಳ ಹತ್ತದಿರಲೆಂದು ಬೇವಿನ ಎಲೆ ತಂದಿಟ್ಟಳು. ಕಲ್ಲಿನ ಧೂಳು ಒಳಗೆ ಹೋಗದಿರಲೆಂದು ಗಂಡನ ಹಳೆಯ ರುಮಾಲನ್ನು ಹೊದಿಸಿದಳು. ಸಂಜೆ ಅವನು ಪಿಟೀಲು ಬಿಚ್ಚಿ ಒರೆಸುವಾಗ ಎದುರಿಗೇ ಕೂತು ಒಂದೊಂದನ್ನೂ ಕೇಳುತ್ತಿದ್ದಳು.

"ಇದೇನಿದು, ತಂತಿ ಕೆಳಗ ನಿಂತದಲ್ಲ?"

"ಅದು ಕುದುರಿ, ಖಾಲಮ್ಮ. ಅದರ ಮ್ಯಾಲೇ ತಂತಿ ನಿಂದ್ರತಾವ. ಅದು ಬಿದ್ದರ ಕೆಲಸ ಕೆಟ್ಟಂಗ."

"ಇವು?"

"ಇವು ಕಿವಿ. ಹಿಂಡಿದ್ರ ಸುರ ಏರತದ. ಇದು ಕುತ್ತಿಗಿ, ಇದು ಹೊಟ್ಟಿ."

"ಈ ಕಮಾನಿಗಿ ಕಟ್ಟಿದ್ದು?"

"ಅದು ಖರೇ ಕುದುರಿ ಬಾಲದ ಕೂದಲ."

ಕಿವಿ ಇದೆ, ಕುತ್ತಿಗೆ ಇದೆ, ಹೊಟ್ಟೆ ಇದೆ, ಕೂದಲಿದೆ. ಅತ್ತರೆ ಓಣಿಯವರಿಗೆಲ್ಲ ಕೇಳಿಸುತ್ತದೆ. ಇನ್ನು ಅದನ್ನು ಕೂಸು ಅನ್ನದೆ ಏನನ್ನಬೇಕು, ನೀವೇ ಹೇಳಿ. ಆಶಾಬಿಯ ಲೆಕ್ಕ ಹೀಗೆ ಶುರುವಾಯಿತು, ಮುಂದಿನ ಅನಾಹುತಕ್ಕೆ ಬೀಜ ಬಿದ್ದದ್ದೂ ಇಲ್ಲೇ.

ಹೀಗೆ ಎರಡು ವರ್ಷ ಕಳೆದ ಮೇಲೆ ಭಗವಂತನಿಗೆ ಕಲಬುರಗಿಯ ರೇಡಿಯೋ ಸ್ಟೇಷನ್ನಿನಿಂದ ಕರೆ ಬಂತು. ಶುಕ್ರವಾರ ಬಂದು ಪಿಟೀಲು ನುಡಿಸಿ ತೋರಿಸಬೇಕು, ಪಾಸಾದರೆ ರೇಡಿಯೋದಲ್ಲಿ ನುಡಿಸಬಹುದು. ಹುಡುಗನಿಗೆ ಊಟ ಸೇರಲಿಲ್ಲ, ನಿದ್ದೆ ಸೇರಲಿಲ್ಲ. ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲೂ ಕೊಯ್ಯುತ್ತಿದ್ದ, ಬಂದ ಮೇಲೂ ಕೊಯ್ಯುತ್ತಿದ್ದ. ಆಶಾಬಿಗೆ ಎದೆ ಉಬ್ಬಿ ನಿಲ್ಲಲು ನೆಲ ಸಾಲದು. ಎಣ್ಣೆ ಹಚ್ಚಿಸಿಕೊಳ್ಳಲು ಬಂದವರ ತಲೆಯನ್ನು ಗಟ್ಟಿ ಹಿಡಿದು, ಅವರು ಏಳಲಾರದಂತೆ ಮಾಡಿ, "ನಮ್ಮ ಹುಡುಗ ರೇಡಿಯೋದಾಗ ಬರಾಕತ್ಯಾನ" ಎಂದು ಪೂರ್ತಿ ಕತೆ ಹೇಳಿಯೇ ಬಿಡುತ್ತಿದ್ದಳು.

ಮಂಗಳವಾರ ಭಗವಂತ ಕೆಲಸಕ್ಕೆ ಹೋಗಿದ್ದಾಗ ಆಕೆ ಪೆಟ್ಟಿಗೆಯ ಬೇವಿನ ಎಲೆ ಬದಲಾಯಿಸಲು ಮುಚ್ಚಳ ತೆಗೆದಳು. ತೆಗೆದವಳು ಹಾಗೇ ನಿಂತಳು. ಕಮಾನಿನ ಕೂದಲೆಲ್ಲ ಬೆಳ್ಳಗೆ ಪುಡಿ ಪುಡಿ. ಬೆರಳಲ್ಲಿ ಮುಟ್ಟಿದರೆ ಉದುರುತ್ತಿದೆ. ಪಿಟೀಲಿನ ಹೊಟ್ಟೆಯ ಮೇಲೂ ಅದೇ ಪುಡಿ ಬಿದ್ದಿದೆ. ಮೂವತ್ತು ವರ್ಷ ತಲೆ ನೋಡಿದ ಹೆಣ್ಣುಮಗಳಿಗೆ ಇದು ಏನೆಂದು ಯಾರಾದರೂ ಹೇಳಿಕೊಡಬೇಕೇ?

"ಯಾ ಅಲ್ಲಾ! ಹೊಟ್ಟು!" ಎಂದಳು.

ತಲೆಹೊಟ್ಟು! ಕೂದಲು ನೋಡಿದರೆ ಒಣಗಿ ನಾರಿನಂತಾಗಿದೆ. ಪಾಪ, ಗಂಡುಹುಡುಗ, ಅವನಿಗೇನು ತಿಳಿಯುತ್ತದೆ. ರೇಡಿಯೋದ ದೊಡ್ಡ ದೊಡ್ಡ ಸಾಹೇಬರ ಮುಂದೆ ಹೊಟ್ಟು ಉದುರಿಸುತ್ತ ಹೋಗಿ ನಿಂತರೆ ಮಾನ ಯಾರದು ಹೋಗುತ್ತದೆ? ಆಶಾಬಿಯ ಮನೆಯ ಹುಡುಗ ಅಂತಾರೆ, ಎಣ್ಣೆಯ ಆಶಾಬಿ ಅಂತಾರೆ. ಆಕೆ ಹೋಗಿ ಒಳ್ಳೆಯ ಶೀಸೆಯನ್ನೇ ತಂದಳು, ಮದುಮಕ್ಕಳಿಗೆಂದು ತೆಗೆದಿಟ್ಟ ಎಣ್ಣೆ. ಕಮಾನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಿಸ್ಮಿಲ್ಲಾ ಎಂದು, ಈ ತುದಿಯಿಂದ ಆ ತುದಿಗೆ ಚೆನ್ನಾಗಿ ಎಳೆ ಎಳೆಗೂ ಹಚ್ಚಿ, ಹಣಿಗೆಯಿಂದ ಹಿಕ್ಕಿದಳು. ಕೂದಲು ಫಳಫಳ ಹೊಳೆಯಿತು. ಬಿಳಿ ಪುಡಿಯ ಹೆಸರಿಲ್ಲ. ಆಕೆಗೆ ಎಷ್ಟು ಸಂತೋಷವಾಯಿತೆಂದರೆ, ಮುಚ್ಚಳ ಹಾಕುವ ಮೊದಲು ಪಿಟೀಲಿನ ಕೆನ್ನೆ ಸವರಿ ಲಟಲಟನೆ ನೆಟಿಗೆ ಮುರಿದು ದೃಷ್ಟಿ ತೆಗೆದಳು.

ಸಂಜೆ ಭಗವಂತ ಬಂದ, ಕೈಕಾಲು ತೊಳೆದ, ಪಿಟೀಲು ಎದೆಗಿಟ್ಟುಕೊಂಡು ಕಮಾನು ಎಳೆದ. ಸದ್ದಿಲ್ಲ. ಇನ್ನೊಮ್ಮೆ ಎಳೆದ. ಕಮಾನು ತಂತಿಯ ಮೇಲೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಜಾರಿ ಹೋಯಿತು, ಪಿಟೀಲು ಕುಂಯ್ ಎನ್ನಲೂ ಇಲ್ಲ. ಅವನು ಕಮಾನನ್ನು ಮೂಗಿನ ಹತ್ತಿರ ಹಿಡಿದ. ಮೆಂತ್ಯ, ಗರಗ, ಕರಿಬೇವು.

"ಖಾಲಮ್ಮ, ಇದಕ್ಕ ಏನ್ ಮಾಡೀರಿ?"

"ಹೊಟ್ಟಾಗಿತ್ತಪ್ಪಾ. ಎಣ್ಣಿ ಹಚ್ಚೀನಿ. ಈಗ ನೋಡು ಹ್ಯಾಂಗ..."

"ಹೊಟ್ಟಲ್ಲದು! ರಾಳ! ಗಿಡದ ರಾಳ! ಅದನ್ನ ತಿಕ್ಕಿದ್ರೇ ಕೂದಲ ತಂತಿ ಹಿಡಿತದ, ಹಿಡಿದ್ರೇ ನುಡಿತದ!" ಹುಡುಗ ಕಮಾನನ್ನು ಆಕೆಯ ಮುಖದ ಮುಂದೆ ಹಿಡಿದ. "ಎಣ್ಣಿ ಹತ್ತಿದ ಕೂದಲ ಸತ್ತಂಗ. ಶುಕ್ರವಾರ ನಾ ಏನ್ ತಗೊಂಡು ಹೋಗ್ಲಿ? ನಿಮ್ಮ ಶೀಸಾ ತಗೊಂಡು ಹೋಗ್ಲಾ?"

ಆಶಾಬಿ ಏನೋ ಹೇಳಲು ಹೋದಳು. ಅವನು ಕೈ ಅಡ್ಡ ಹಿಡಿದ.

"ನೋಡ್ರಿ ಮಾಲಕರೇ, ಇನ್ನ ಮುಂದ ನನ್ನ ಸಾಮಾನಿಗಿ ಕೈ ಹಚ್ಚಬ್ಯಾಡ್ರಿ. ರೇಡಿಯೋದ್ದು ಒಂದು ಮುಗೀಲಿ, ನಾ ಬಾಜೂ ಊರ ವಾಡಿಯಾಗ ಖೋಲಿ ನೋಡ್ಕೋತೀನಿ."

ಬೈದದ್ದು ಆಶಾಬಿಗೆ ನಾಟಲಿಲ್ಲ, ಬೈಗುಳ ಆಕೆಗೆ ನೀರು ಕುಡಿದಷ್ಟು ಸಲೀಸು. ನಾಟಿದ್ದು ಆ ಮಾಲಕರೇ ಎಂಬ ಮಾತು. ಎರಡು ವರ್ಷ ಖಾಲಮ್ಮ ಎಂದ ಬಾಯಿ, ಈಗ ಮಾಲಕರೇ ಎಂದಿತು. ಆ ದಿನ ಆಕೆ ಒಲೆ ಹಚ್ಚಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರೆ, ಆಕೆಗೆ ಬುದ್ಧಿ ಬಂದಿತ್ತು, ಒಲೆಯಂತೂ ಉರಿಯಲಿಲ್ಲ.

ಭಗವಂತ ತಾನೇ ಕಮಾನಿನ ಕೂದಲಿಗೆ ಬಟ್ಟೆ ಒಗೆಯುವ ಸಾಬೂನು ಹಚ್ಚಿ ತೊಳೆದ. ಮೊದಲೇ ಹಳೆಯ ಕೂದಲು, ಒಂದಕ್ಕೊಂದು ಗಂಟು ಬಿದ್ದವು. ಬಿಡಿಸಲು ಹೋದರೆ ಬುಡದಿಂದಲೇ ಕಿತ್ತು ಬಂದವು. ಬುಧವಾರ ಬೆಳಗಾಗುವಷ್ಟರಲ್ಲಿ ಕಮಾನು ಅರ್ಧ ಬೋಳು. ಅವನು ಆಶಾಬಿಗೆ ಮುಖ ಕೊಡದೆ, ಗೋಡೆಯ ಹತ್ತಿರ ನಿಂತು ಸುಂದರಬಾಯಿಗೆ ಹೇಳಿಕೊಂಡ. ಹೈದರಾಬಾದಿಗೆ ಕಳಿಸಿದರೆ ಕೂದಲು ಕಟ್ಟಿಕೊಡುತ್ತಾರೆ, ಆದರೆ ಶುಕ್ರವಾರದೊಳಗೆ ಬರುವುದಿಲ್ಲ. ಕಟ್ಟುವ ರೀತಿ ಮಾಸ್ತರರು ತೋರಿಸಿದ್ದರು, ಕೈಗೆ ಕೂದಲೇ ಇಲ್ಲ. ಬಿಳಿ ಕುದುರೆಯದೇ ಬೇಕು, ಗಂಡು ಕುದುರೆಯದೇ ಬೇಕು, ಮೊಳಕ್ಕಿಂತ ಉದ್ದ ಬೇಕು. ಇದೆಲ್ಲ ಹೇಳಿ ಅವನು ಕೆಲಸಕ್ಕೆ ಹೋದ.

ಇತ್ತ ಬಾಗಿಲ ಹಿಂದೆ ಆಶಾಬಿ ಎಲ್ಲ ಕೇಳಿಸಿಕೊಂಡು ತಲೆಯ ಮೇಲೆ ಕೈ ಹೊತ್ತು ಕೂತಳು. ಶಹಾಬಾದಿನಲ್ಲಿ ಬಿಳಿ ಗಂಡು ಕುದುರೆ ಇದ್ದದ್ದು ಒಂದೇ. ಅದರ ಹೆಸರು ಬಾದಶಾ. ಅದರ ಯಜಮಾನ ಟಾಂಗಾದ ಹಾಜಿಮಲಂಗ್. ಮತ್ತು ಹಾಜಿಮಲಂಗ್‌ಗೂ ಆಶಾಬಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಆ ಜಗಳದ ಮೂಲವೂ ಎಣ್ಣೆಯೇ. ಹಿಂದೊಮ್ಮೆ ಹಾಜಿಮಲಂಗ್ ತಲೆ ಬೋಳಾಗುತ್ತಿದೆಯೆಂದು ಆಶಾಬಿಯ ಹತ್ತಿರ ಒಂದು ಶೀಸೆ ಎಣ್ಣೆ ಒಯ್ದಿದ್ದ. ಮುಂದೆ ಯಾರದೋ ಮದುವೆಯ ಊಟದಲ್ಲಿ, ತುಂಬಿದ ಪಂಗ್ತಿಯ ನಡುವೆ, ಆಕೆ "ಹ್ಯಾಂಗದ ಎಣ್ಣಿ?" ಎಂದು ಕೇಳಿದಳು. ಅವನು ಬಿರಿಯಾನಿ ಬಾಯಲ್ಲಿಟ್ಟುಕೊಂಡೇ, "ಭಾಳ ಛಲೋ ಅದ ಆಪಾ. ಟಾಂಗಾದ ಗಾಲಿಗಿ ಹಾಕೀನಿ, ಕಿರುಗುಡೋದು ನಿಂತದ" ಎಂದ. ಪಂಗ್ತಿಗೆ ಪಂಗ್ತಿಯೇ ಅನ್ನ ನೆತ್ತಿಗೇರಿ ಕೆಮ್ಮಿತು. ಅಂದಿನಿಂದ ಆಶಾಬಿ ಅವನ ಟಾಂಗಾ ಹತ್ತಿಲ್ಲ, ಮಾತಾಡಿಸಿಲ್ಲ. ಸ್ಟೇಷನ್ನಿಗೆ ಹೋಗಬೇಕಾದರೆ ಗಂಟು ಹೊತ್ತುಕೊಂಡು ನಡೆದೇ ಹೋಗುತ್ತಿದ್ದಳು, ಅದೂ ಅವನ ಎದುರಿನಿಂದಲೇ.

ಈಗ ಅದೇ ದಾರಿಯಲ್ಲಿ ಗಂಟಿಲ್ಲದೆ ಹೊರಟಳು. ಕಾಲು ಮುಂದೆ ಹೋದರೆ ಮನಸ್ಸು ಹಿಂದೆ ಎಳೆಯಿತು. "ಖೋಲಿ ನೋಡ್ಕೋತೀನಿ ಅಂದಾನ" ಎಂದು ತನಗೇ ಹೇಳಿಕೊಂಡಳು, ಆಗ ಮನಸ್ಸೂ ಕಾಲಿನ ಹಿಂದೆ ಬಂತು.

ಸ್ಟೇಷನ್ನಿನ ಮುಂದೆ ಬೇವಿನ ಮರದ ಕೆಳಗೆ ಟಾಂಗಾದವರೆಲ್ಲ ಬೀಡಿ ಸೇದುತ್ತ ಕೂತಿದ್ದರು. ಆಶಾಬಿ ತಮ್ಮ ಕಡೆಗೇ ಬರುವುದು ಕಂಡು ಬೀಡಿಗಳೆಲ್ಲ ಬಾಯಲ್ಲೇ ನಿಂತವು.

"ಹಾಜಿಮಲಂಗ್ ಭಾಯಿ, ನಿಮ್ಮ ಕುದುರಿ ಬಾಲದಾಗಿಂದು ಒಂದು ಹಿಡಿ ಕೂದಲ ಬೇಕಾಗ್ಯದ."

ಹಾಜಿಮಲಂಗ್ ತನ್ನ ಕಿವಿ ನಂಬಲಿಲ್ಲ. "ಇಷ್ಟ ವರ್ಷ ಆದ ಮ್ಯಾಲ ಮಾತಾಡಾಕ ಬಂದೀರಿ ಆಪಾ, ಮೊದಲ ಮಾತೇ ಬಾಲದ್ದು?"

"ತಲಿದು ಕೇಳೋಣ ಅಂದ್ರ ನಿಮ್ಮ ತಲಿಯಾಗ ಏನದ?"

ಟಾಂಗಾದವರು ಹೋ ಎಂದು ನಕ್ಕರು. ಆಶಾಬಿ ನಾಲಿಗೆ ಕಚ್ಚಿಕೊಂಡಳು. ಬೇಡಲು ಬಂದವಳು ಬಡಿಯಲು ನಿಂತರೆ ಹೇಗೆ? ದನಿ ಇಳಿಸಿ ಎಲ್ಲ ಹೇಳಿದಳು. ಹೊಟ್ಟು ಅಂದುಕೊಂಡದ್ದು, ಎಣ್ಣೆ ಹಚ್ಚಿದ್ದು, ಶುಕ್ರವಾರದ ರೇಡಿಯೋ, ಹುಡುಗ ಮಾಲಕರೇ ಎಂದದ್ದು. ಕೊನೆಯದನ್ನು ಹೇಳುವಾಗ ಸೆರಗಿನಿಂದ ಮೂಗು ಒರೆಸಿಕೊಂಡಳು.

ಹಾಜಿಮಲಂಗ್ ಬಾದಶಾನ ಬೆನ್ನು ಸವರಿದ. "ಬಾಲ ಅಂದ್ರ ಕುದುರಿ ಇಜ್ಜತ್, ಆಪಾ. ಐತವಾರ ವಾಡಿಯಾಗ ಮದುವಿ ಅದ. ಬಾಲ ಕತ್ತರಿಸಿದ ಕುದುರಿ ಮ್ಯಾಲ ಮದುಮಗ ಕುಂತ್ರ ಹುಡುಗಿ ಕಡಿಯವರು, ಇದೇನು ಕತ್ತೆ ಮ್ಯಾಲ ಬಂದೀರೇನು ಅಂತಾರ. ನನ್ನ ಬಾದಶಾಗ ಕತ್ತೆ ಅನಿಸ್ಕೊಳ್ಳೋ ಗ್ರಹಚಾರ ಯಾಕ?"

"ಮ್ಯಾಲಿಂದು ಬ್ಯಾಡ, ಒಳಗಿಂದು ಕೊಡ್ರಿ. ಯಾರಿಗೂ ಕಾಣಂಗಿಲ್ಲ. ಬಾಲ ನಾ ತೊಳೀತೀನಿ, ನಾನೇ ಹಿಕ್ಕತೀನಿ."

"ಒಂದು ಮಾತಿನ ಮ್ಯಾಲ ಕೊಡ್ತೀನಿ" ಎಂದ ಹಾಜಿಮಲಂಗ್. ಮೀಸೆಯಡಿ ನಗು ಹೊರಳುತ್ತಿತ್ತು. "ಆವತ್ತು ಪಂಗ್ತಿಯಾಗ ನಾ ಅಂದಿದ್ದು ಖರೇ ಅದ ಅಂತ, ಇಲ್ಲೇ, ಎಲ್ಲಾರ ಮುಂದ ನೀವು ಒಂದು ಸಲ ಹೇಳ್ರಿ."

ಆಶಾಬಿಯ ಮುಖ ಕೆಂಪಾಯಿತು, ಆಮೇಲೆ ಬಿಳುಪಾಯಿತು. ಆ ಎಣ್ಣೆ ಅಂದರೆ ಆಕೆಯ ಅನ್ನ, ಆಕೆಯ ಹೆಸರು. ಬೇರೆ ದಿನವಾಗಿದ್ದರೆ ಈ ಮಾತಿಗೆ ಹಾಜಿಮಲಂಗ್‌ನ ಏಳು ತಲೆಮಾರಿನ ಹೆಸರು ಹಿಡಿದು ಶುಚಿ ಮಾಡಿರುತ್ತಿದ್ದಳು. ಆದರೆ ಅಡಿಕೆಗೆ ಹೋದ ಮಾನದ ಗಾದೆಯನ್ನು ನೆನೆಯುತ್ತ ಕೂರಲು ಈಗ ಹೊತ್ತಿರಲಿಲ್ಲ. ಆಕೆ ಸೆರಗು ತಲೆಗೆ ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಕೇಳ್ರಿ ಎಲ್ಲಾರೂ. ಆಶಾಬಿ ಎಣ್ಣಿ ಟಾಂಗಾದ ಗಾಲಿಗಿ ಭಾಳ ಛಲೋ ಅದ."

ಒಬ್ಬರೂ ನಗಲಿಲ್ಲ. ನಗಬೇಕೆಂದು ಬಾಯಿ ತೆರೆದಿದ್ದ ಹಾಜಿಮಲಂಗ್ ಕೂಡ ಮುಚ್ಚಿಕೊಂಡ. "ನಾ ಚೇಷ್ಟಾ ಮಾಡಿದ್ದೆ ಆಪಾ. ನೀವು ಖರೇನೇ ಅಂದುಬಿಟ್ರಿ" ಎಂದ. ಆಮೇಲೆ ಕತ್ತರಿ ತರಲು ತಾನೇ ಎದ್ದ. ಬಾಲವನ್ನು ತೊಳೆಯಲೂ ಆಕೆಗೆ ಬಿಡಲಿಲ್ಲ, ಬಕೆಟ್ಟಿನಲ್ಲಿ ನೀರು ತಂದು ತಾನೇ ತೊಳೆದ. ಆಕೆ ಪಕ್ಕದಲ್ಲಿ ನಿಂತು, ಅಲ್ಲಿ ಸರಿಯಾಗಿ ತಿಕ್ಕಿಲ್ಲ, ಇಲ್ಲಿ ಜಿಡ್ಡು ಉಳಿದಿದೆ ಎಂದು ಹೇಳುತ್ತಿದ್ದಳು. ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಮುಂದಿನ ವಾರ ಟಾಂಗಾದವರೆಲ್ಲ ಒಬ್ಬೊಬ್ಬರಾಗಿ ಶೀಸೆ ಹಿಡಿದು ಆಶಾಬಿಯ ಬಾಗಿಲಿಗೆ ಬಂದರು, ಗಾಲಿಗೆ ಎಣ್ಣೆ ಕೇಳಲು. ಆಕೆ ಕೊಟ್ಟಳು. ಬೈದು ಕೊಟ್ಟಳು.

ಸಂಜೆ ಭಗವಂತ ಕೆಲಸದಿಂದ ಬಂದಾಗ ಅವನ ಖೋಲಿಯ ಹೊಸ್ತಿಲ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಕೂದಲಿನ ಕಟ್ಟು ಇತ್ತು. ಒಳ್ಳೆಯ ಕೂದಲು, ನೇರ, ಬೆಳ್ಳಗೆ. ಅವನು ಅತ್ತಿತ್ತ ನೋಡಿದ. ಆಶಾಬಿ ಅಂಗಳದ ಆ ಕಡೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

"ನಾ ಕೈ ಹಚ್ಚಿಲ್ಲ. ಹಾಜಿಮಲಂಗ್ ಭಾಯಿ ತಂದಿಟ್ಟು ಹೋಗ್ಯಾರ" ಎಂದಳು.

ಅವನು ಅಂಗಳದಲ್ಲೇ ಚಾಪೆ ಹಾಸಿ ಕೂತ. ಹಳೆಯ ಕೂದಲನ್ನೆಲ್ಲ ತೆಗೆದ. ಹೊಸ ಕೂದಲಿನ ಒಂದು ತುದಿಯನ್ನು ದಾರದಿಂದ ಬಿಗಿದು, ಗಂಟು ಬಿಚ್ಚದಂತೆ ಕಾಸಿದ ರಾಳ ಹಚ್ಚಿ, ಕಮಾನಿನ ಮೂತಿಯಲ್ಲಿದ್ದ ಸಣ್ಣ ಗುಳಿಯಲ್ಲಿ ಕೂರಿಸಿ ಮರದ ಚಕ್ಕೆ ಜಡಿದ. ಅಲ್ಲಿಯವರೆಗೆ ಸರಿಯಾಯಿತು. ಇನ್ನೊಂದು ತುದಿಯನ್ನು ಹಿಡಿಯ ಕಡೆ ಕಟ್ಟಬೇಕಾದರೆ ಕೂದಲೆಲ್ಲ ಪಟ್ಟಿಯಂತೆ ಅಗಲವಾಗಿ, ಒಂದೇ ಬಿಗಿಯಲ್ಲಿ ನಿಲ್ಲಬೇಕು. ಅವನಿಗಿದ್ದದ್ದು ಎರಡೇ ಕೈ. ಹಲ್ಲಿನಿಂದ ಹಿಡಿದು ನೋಡಿದ, ಕಾಲಿನ ಬೆರಳಿನಿಂದ ಹಿಡಿದು ನೋಡಿದ. ಕೂದಲು ಚೆಲ್ಲಾಪಿಲ್ಲಿ. ಸುಂದರಬಾಯಿಯನ್ನು ಕರೆದು ಹಿಡಿಯಲು ಹೇಳಿದರೆ ಅವಳು ಎಳೆಯುವ ಬಲಕ್ಕೆ ಕಮಾನೇ ಮುರಿಯುವಂತಾಯಿತು.

"ಒದ್ದಿ ಮಾಡಬೇಕದನ್ನ" ಎಂದಳು ಆಶಾಬಿ ದೂರದಿಂದಲೇ, ಕೈ ಬೆನ್ನ ಹಿಂದೆಯೇ. "ಒಣ ಕೂದಲ ಮಾತು ಕೇಳಂಗಿಲ್ಲ. ಸಣ್ಣ ಹಣಿಗಿಲೆ ಬುಡದಿಂದ ಹಿಕ್ಕು. ಎಡಕ್ಕಿಂದು ಎಳಿ ದಾಟಿ ಬಲಕ್ಕ ಹೋಗ್ಯದ ನೋಡು. ಅಲ್ಲಲ್ಲ, ಅದಲ್ಲ, ಅದರ ಬಾಜೂದು."

ಅವನು ಸ್ವಲ್ಪ ಹೊತ್ತು ಕೇಳಿಸದವನಂತೆ ಹೆಣಗಿದ. ಆಮೇಲೆ ತಲೆ ಎತ್ತದೆ, "ಬರ್ರಿ, ಹಿಡೀರಿ" ಎಂದ.

ಆಶಾಬಿ ಎರಡು ಹೆಜ್ಜೆ ಬಂದವಳು ತನ್ನ ಕೈ ನೋಡಿಕೊಂಡು ಅಲ್ಲೇ ನಿಂತಳು. ಆ ಕೈಗಳಲ್ಲಿ ಎಷ್ಟು ವರ್ಷದ ಎಣ್ಣೆ ಇಳಿದಿತ್ತು! ಸಾಬೂನು ಹಚ್ಚಿದಳು, ಬೂದಿ ಹಚ್ಚಿದಳು, ಸೀಗೆಪುಡಿ ಹಚ್ಚಿದಳು. ಬೆರಳ ಸಂದಿಯಲ್ಲಿ ಇನ್ನೂ ಮಿಣಿಮಿಣಿ. ಮತ್ತೆ ಮುಟ್ಟಿ ಮತ್ತೆ ಕೆಡಿಸಿದರೆ? ಆಕೆಗೆ ಅಳುವೇ ಬಂತು. ಆಗ ಏನು ಹೊಳೆಯಿತೋ, ಓಣಿಯ ತುದಿಯ ಕಲ್ಲು ಉಜ್ಜುವ ಕಾರ್ಖಾನೆಗೆ ಓಡಿದಳು. ಉಜ್ಜಿದ ಫರಸಿಯ ನುಣ್ಣನೆಯ ಪುಡಿ ಅಲ್ಲಿ ಗುಡ್ಡೆ ಬಿದ್ದಿರುತ್ತದೆ. ಗಂಡ ಬದುಕಿದ್ದಾಗ ಆ ಪುಡಿ ಅವನ ಬಟ್ಟೆಯಿಂದ ಹೋಗುವುದಿಲ್ಲವೆಂದು ಆಕೆ ಬೈಯದ ದಿನವಿರಲಿಲ್ಲ. ಈಗ ಅದನ್ನೇ ಬೊಗಸೆಯಲ್ಲಿ ತುಂಬಿ ಮೊಣಕೈವರೆಗೆ ಬಳಿದುಕೊಂಡು ತಿಕ್ಕಿದಳು. ಪುಡಿ ಎಣ್ಣೆಯನ್ನೆಲ್ಲ ಕುಡಿಯಿತು. ತೊಳೆದುಕೊಂಡು ಬಂದಾಗ ಅಂಗೈಯ ಗೆರೆಗಳು ಬಿರಿದು ಕಾಣುತ್ತಿದ್ದವು.

"ಮೂಸಿ ನೋಡು" ಎಂದು ಕೈ ಅವನ ಮೂಗಿಗೆ ಹಿಡಿದಳು. ಅವನಿಗೆ ನಗು ಬಂತು, ಕೋಪದಲ್ಲಿ ಇದ್ದೇನೆಂದು ನೆನಪಾಗಿ ತಡೆದುಕೊಂಡ.

ಆಮೇಲೆ ಕೆಲಸ ನಡೆಯಿತು. ಎಷ್ಟು ಹೆಣ್ಣುಮಕ್ಕಳ ಜಡೆ ಹೆಣೆದ ಬೆರಳುಗಳು! ಒದ್ದೆ ಕೂದಲನ್ನು ಹಿಕ್ಕಿ, ಎಳೆಯನ್ನು ಎಳೆಯ ಪಕ್ಕ ಮಲಗಿಸಿ, ರಿಬ್ಬನ್ನಿನಂತೆ ಅಗಲ ಮಾಡಿ ಹಿಡಿದಳು. ಅವನು ದಾರ ಸುತ್ತತೊಡಗಿದ. ದಾರ ಸುತ್ತುವ ಭರದಲ್ಲಿ, "ಬಿಗೀ ಹಿಡೀರಿ ಖಾಲಮ್ಮ, ಬಿಡಬ್ಯಾಡ್ರಿ, ಖಾಲಮ್ಮ!" ಎಂದು ಕೂಗಿದ. ತಾನು ಏನೆಂದೆ ಎಂಬುದು ಅವನಿಗೆ ಗೊತ್ತಾಗಲಿಲ್ಲ. ಆಕೆಗೆ ಗೊತ್ತಾಯಿತು. ಆದರೆ ಆಕೆ ಆಸೆ ಕಟ್ಟಿಕೊಳ್ಳಲಿಲ್ಲ. ಗಡಿಬಿಡಿಯಲ್ಲಿ ಬಾಯಿಗೆ ಬರುವುದು ಹಳೆಯ ರೂಢಿ, ಖೋಲಿ ಬಿಡುವುದು ವಿಚಾರ ಮಾಡಿ ಆಡಿದ ಮಾತು. ಹೊಸ ಕೂದಲಿಗೆ ರಾಳ ತಿಕ್ಕಿ ತಿಕ್ಕಿ ಅವನ ತೋಳು ಸೋತ ಮೇಲೆ ಪಿಟೀಲು ಗೊಗ್ಗರು ದನಿಯಲ್ಲಿ ಒಮ್ಮೆ ಕೆಮ್ಮಿತು, ಇನ್ನಷ್ಟು ತಿಕ್ಕಿದ ಮೇಲೆ ಮಾತಾಡಿತು. ಸುಂದರಬಾಯಿ ಗೋಡೆಯಾಚೆ ಚಪ್ಪಾಳೆ ತಟ್ಟಿದಳು.

ಶುಕ್ರವಾರ ಅವನನ್ನು ಸ್ಟೇಷನ್ನಿಗೆ ಬಿಡಲು ಹಾಜಿಮಲಂಗ್ ಕರೆಯದೆ ಬಂದ. ಇದು ತನ್ನ ಬಾದಶಾನ ಮರ್ಯಾದೆಯ ಪ್ರಶ್ನೆ ಎಂದ. ಆಶಾಬಿಯೂ ಹತ್ತಿ ಕೂತಳು. ದಾರಿಯುದ್ದಕ್ಕೂ ಗುಂಡಿ ಬಂದಲ್ಲೆಲ್ಲ, "ಮೆಲ್ಲಕ ಹೊಡೀರಿ ಭಾಯಿ, ಕುದುರಿ ಬೀಳ್ತದ!" ಎಂದು ಕೂಗುತ್ತಿದ್ದಳು. "ನನ್ನ ಕುದುರಿ ಇವತ್ತಿನ ತನಕ ಬಿದ್ದಿಲ್ಲ" ಎಂದು ಅವನು ಸಿಟ್ಟಾದ. "ನಿಮ್ಮದು ಯಾರು ಕೇಳ್ಯಾರ? ಪೆಟಗ್ಯಾಗಿಂದು ಹೇಳಾಕತ್ತೀನಿ!" ಎಂದಳು. ರೈಲು ಹೊರಟಾಗ ಭಗವಂತ ಕಿಟಕಿಯಿಂದ ಕೈ ಬೀಸಿದ. ವಾಡಿಯ ಮಾತು ಯಾರೂ ಎತ್ತಲಿಲ್ಲ.

ಆ ದಿನ ಆಶಾಬಿ ಯಾರ ತಲೆಗೂ ಎಣ್ಣೆ ಹಾಕಲಿಲ್ಲ. ಜುಮ್ಮಾ ದಿನದ ದುವಾ ಪೂರ್ತಿ ಹುಡುಗನ ಹೆಸರಿನಲ್ಲೇ ಕಳೆಯಿತು, ಪಾಸ್ ಮಾಡಿಸು ಎಂದು ಬೇಡಿಕೊಂಡಳು. ನಡುವೆ, ಪಾಸಾದರೆ ವಾಡಿಗೆ ಏಕೆ, ಕಲಬುರಗಿಗೇ ಹೋದಾನು ಎಂದು ತೋಚಿತು. ಆದರೂ ಬೇಡಿದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಸಂಜೆಯ ಗಾಡಿಗೆ ಬಹಳ ಮುಂಚೆಯೇ ಸ್ಟೇಷನ್ನಿಗೆ ಹೋಗಿ ಬೇವಿನ ಮರದ ಕೆಳಗೆ ನಿಂತಳು.

ಭಗವಂತ ಇಳಿದು ಬಂದ. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಆಶಾಬಿಗೆ ಜೀವಮಾನದಲ್ಲಿ ಮೊದಲ ಸಲ ಬಾಯಿ ಬರಲಿಲ್ಲ. ಕೇಳಿದವನು ಹಾಜಿಮಲಂಗ್.

"ಏನಾಯ್ತೋ?"

"ಆಗಲಿಲ್ಲ ಚಾಚಾ. ಇನ್ನಾ ಕಲೀಬೇಕು, ಮುಂದಿನ ವರ್ಷ ಬಾ ಅಂದ್ರು."

"ಅಂದ್ರ ನನ್ನ ಬಾದಶಾನ ಬಾಲ ಫೇಲ್ ಆಯ್ತೇನು?"

"ಬಾಲ ಪಾಸ್ ಆಗ್ಯದ. ಕಮಾನಿಗಿ ಕೂದಲ ಯಾರು ಕಟ್ಯಾರ, ಭಾಳ ಛಲೋ ಕಟ್ಯಾರ ಅಂತ ಕೇಳಿದ್ರು. ಫೇಲ್ ಆಗಿದ್ದು ನಾ."

ಹಾಜಿಮಲಂಗ್ ಈ ಮಾತನ್ನು ಉಳಿದ ಟಾಂಗಾದವರಿಗೆ ಹೇಳಲು ಓಡಿದ, ಮೊದಲ ಅರ್ಧವನ್ನು ಮಾತ್ರ. ಆಶಾಬಿ ನೆಲ ನೋಡುತ್ತ ನಿಂತಿದ್ದಳು.

"ನನ್ನಿಂದ ಆಯ್ತಪ್ಪಾ" ಎಂದಳು. "ಎರಡು ದಿನ ನಿನ್ನ ಕೈ ನಿಲ್ಲಿಸಿಬಿಟ್ಟೆ."

"ಎರಡು ದಿನದಾಗ ಏನಾಗ್ತಿತ್ತು ಖಾಲಮ್ಮ? ನಂದು ಇನ್ನಾ ಎಷ್ಟೋ ವರ್ಷದ ಕೆಲಸ ಬಾಕಿ ಅದ. ಅಲ್ಲಿ ಬಂದವರದು ಕೇಳಿದ್ರ ನಿಮಗೇ ತಿಳೀತಿತ್ತು" ಎಂದು ಅವನು ಪಿಟೀಲಿನ ಪೆಟ್ಟಿಗೆಯನ್ನು ಆಕೆಯ ಕೈಗೆ ಕೊಟ್ಟು, ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳಲು ಬಗ್ಗಿದ.

ಆಶಾಬಿ ಪೆಟ್ಟಿಗೆಯನ್ನು ಎರಡೂ ತೋಳಿನಿಂದ ಹಿಡಿದುಕೊಂಡಳು. ಮೂರು ದಿನದಿಂದ ಒಳಗೇ ಇಟ್ಟುಕೊಂಡದ್ದನ್ನು ಈಗ ಕೇಳದಿದ್ದರೆ ಮುಂದೆ ಕೇಳಲಾಗದು ಎನಿಸಿತು.

"ಮತ್ತ... ಆ ಖೋಲಿ?"

"ಯಾವ ಖೋಲಿ?" ಎಂದ ಭಗವಂತ, ಬಗ್ಗಿದಲ್ಲಿಂದಲೇ.

ಆಶಾಬಿ ಅವನ ಮುಖ ನೋಡಿದಳು. ಹುಡುಗ ಖರೆಯೇ ಮರೆತಿದ್ದ.

"ಯಾವುದೂ ಇಲ್ಲ ಬಿಡು" ಎಂದಳು. "ಟಾಂಗಾ ಹತ್ತು, ರೊಟ್ಟಿ ಆರಾಕತ್ತಾವ."